ಹೊಲಿದ ತೂತು

ನಾನು ಒಂದು ಹುಲಿಯ ಚರ್ಮ. ತಾಯಿ ಹೆತ್ತಾಗ ಹುಲಿಯಾಗಿದ್ದೆ. ಚರ್ಮವಾಗಿ ಹುಟ್ಟಿದ್ದು ಕೊಡಗಿನ ಒಂದು ಅಂಗಳದಲ್ಲಿ, ಸುಲಿದ ದಿನ.

ಅಟ್ಟಣೆಯಿಂದ ಕರ್ನಲ್ ಬಿದ್ದಪ್ಪನವರು ಹಾರಿಸಿದ ಗುಂಡು ನನ್ನ ಹಿಂಗಾಲಿಗೆ ತಗುಲಿತ್ತು. ಕುಂಟುತ್ತಾ ಪೊದೆ ಸೇರಿದೆ. ಗಾಯಗೊಂಡ ಹುಲಿಯನ್ನು ಗಾಯ ಮಾಡಿದವನೇ ಹಿಂಬಾಲಿಸಿ ಮುಗಿಸಬೇಕು. ಬೇಟೆಗಾರರ ಕಟ್ಟುಪಾಡು ಅದು. ಕರ್ನಲ್ಲರು ಮೇಲೆಯೇ ಕುಳಿತು, ಪಲ್ಟನ್ನಿನಿಂದ ತಮ್ಮ ಜೊತೆಗೇ ಬಂದಿದ್ದ ಕುಶಾಲಪ್ಪನಿಗೆ ಹೇಳಿದರು: "ಹೋಗು, ಮುಗಿಸಿ ಬಾ."

ಅವನು ಬಂದ. ಅವನ ಗುಂಡು ನನ್ನ ಎದೆ ಹೊಕ್ಕಿತು, ನನ್ನ ಉಗುರು ಅವನ ಹೊಟ್ಟೆ.

ಹುಲಿ ಹೊಡೆದವನನ್ನು ಸತ್ತ ಹುಲಿಯ ಪಕ್ಕ ಮದುಮಗನಂತೆ ಕೂರಿಸಿ, ಅಕ್ಕಿ ಹಾಕಿ ಹರಸುವುದು ಅಲ್ಲಿಯ ಪದ್ಧತಿ. ನರಿಮಂಗಲ ಎನ್ನುತ್ತಾರೆ; ಕೊಡವರ ಮಾತಿನಲ್ಲಿ ನರಿ ಎಂದರೆ ಹುಲಿ. ನನ್ನ ಪಕ್ಕ ಕೂತವರು ಕರ್ನಲ್ಲರು. ಹಿತ್ತಲ ಕೊಟ್ಟಿಗೆಯಲ್ಲಿ ಕುಶಾಲಪ್ಪ ನೀರು, ನೀರು ಎನ್ನುತ್ತಿದ್ದ. ವಾಲಗ ಜೋರಾಗಿತ್ತು. ಅದು ನಿಂತಾಗ ಅವನ ದನಿಯೂ ನಿಂತಿತ್ತು.

ಚರ್ಮ ಹದ ಮಾಡುವವನಿಗೆ ಕರ್ನಲ್ಲರು, "ಕಾಲಿನ ತೂತು ಹೊಲಿದುಬಿಡು. ಎದೇದು ಹಾಗೇ ಇರ್ಲಿ, ಜನ ನೋಡ್ಬೇಕು," ಎಂದರು.

ಆಮೇಲೆ ನಾನು ಅವರ ಬರೆಯುವ ಮೇಜಿನ ಕೆಳಗೆ, ಚಪ್ಪಲಿಯ ಅಡಿಗೆ. ಬೆಳಿಗ್ಗೆ ಪಲ್ಟನ್ನಿನ ಚರಿತ್ರೆ, ಸಂಜೆ ಶಿಕಾರಿಯ ಪುಸ್ತಕ. ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುವುದು ಅವರ ರೂಢಿ. ಚರಿತ್ರೆಯಲ್ಲಿ ತೋಪು ಹೊತ್ತ ಹೇಸರಗತ್ತೆಗಳಿಗೂ ಹೆಸರಿತ್ತು.

ಒಂದು ದಿನ ಕುಶಾಲಪ್ಪನ ಹೆಂಡತಿ ಬೋಜಮ್ಮ ಬಂದು ನೆಲದಲ್ಲಿ, ನನ್ನ ಅಂಚಿಗೆ ಕೂತಳು.

"ಹೆದರಿ ಓಡುವಾಗ ಸತ್ತ ಅಂತಾರೆ ಊರಲ್ಲಿ. ಹುಲಿ ಹೊಡೆದದ್ದು ನಮ್ಮನೆಯವರೇ ಅಂತ ಒಂದು ಮಾತು ಬರೀರಿ ಸಾಹೇಬ್ರೆ."

"ಬರೆಯೋಣ, ಬರೆಯೋಣ."

ಶಿಕಾರಿಯ ಪುಸ್ತಕ ಅಚ್ಚಾಗಿ ಬಂತು. ಬೋಜಮ್ಮ ಇಂಗ್ಲಿಷು ಕಲಿತ ಮಗಳು ಜಾನಕಿಯನ್ನು ಕರೆತಂದಳು. ಕರ್ನಲ್ಲರೇ ಪುಟ ತೆಗೆದುಕೊಟ್ಟರು. ಹುಡುಗಿ ಮನಸ್ಸಿನಲ್ಲೇ ಓದಿಕೊಂಡು ಪುಸ್ತಕ ಮುಚ್ಚಿದಳು.

"ಏನಂತೆ ಮಗಳೇ?"

"ಮಾತು ಮೀರಿ ಪೊದೆಗೆ ನುಗ್ಗಿದ ಕೂಲಿಯೊಬ್ಬ ಸತ್ತ ಅಂತ. ಹೆಸರಿಲ್ಲ ಅವ್ವ."

ಬೋಜಮ್ಮ ಅಳಲಿಲ್ಲ. "ಮೀರಿದ್ರೆ ಬದುಕ್ತಿದ್ರು," ಎಂದಳು.

"ಅಚ್ಚಾಗಿಹೋಯ್ತಲ್ಲಮ್ಮ, ಇನ್ನೇನ್ ಮಾಡಕ್ಕಾಗ್ತದೆ? ಕಾಫಿ ಕುಡ್ಕೊಂಡು ಹೋಗಿ."

ನೆಂಟರಿಗೆ ತೋರಿಸಲು ಕರ್ನಲ್ಲರು ಬೆರಳು ತೂರಿಸುತ್ತಿದ್ದ ಆ ಎದೆಯ ತೂತಿನಲ್ಲಿ ಬೋಜಮ್ಮ ಬೆರಳಿಟ್ಟಳು. ಕಾಫಿ ಆರುವವರೆಗೂ ತೆಗೆಯಲಿಲ್ಲ.

ಕರ್ನಲ್ಲರು ಈಗಿಲ್ಲ. ನಾನು ಉಗ್ರಾಣದ ಪೆಟ್ಟಿಗೆಯಲ್ಲಿದ್ದೇನೆ. ಕುಶಾಲಪ್ಪನನ್ನು ಕೊಂದದ್ದು ನಾನೇ, ನಿಜ. ಪೊದೆಯೊಳಗೆ, ಅವನ ಎದುರಿಗೆ ನಿಂತು. ಕಾಲಿನ ಹೊಲಿಗೆಯನ್ನು ಹುಳ ತಿಂದು ಹಾಕಿದೆ, ಕರ್ನಲ್ಲರ ಗುಂಡಿನ ತೂತು ಬಾಯಿ ಬಿಟ್ಟಿದೆ. ಪೆಟ್ಟಿಗೆಯನ್ನು ಯಾರೂ ತೆರೆಯುವುದಿಲ್ಲ.

ಪುಸ್ತಕ ನಡುಮನೆಯ ಗಾಜಿನ ಬೀರುವಿನಲ್ಲಿದೆ. ಅದಕ್ಕೆ ಹುಳ ಹಿಡಿದಿಲ್ಲ.