ಪಟಿಕದ ಕರಿಬಸಪ್ಪ

ಜ್ಯೋತಿಬಾ ಪಟಿಕದ ಗಡ್ಡೆಯನ್ನು ಒರಳಿನಲ್ಲಿಟ್ಟು ಗುಂಡುಕಲ್ಲಿನಿಂದ ಎರಡನೇ ಏಟು ಹಾಕಿದಾಗ ಅದು ಕಲ್ಲುಸಕ್ಕರೆಯಂತೆ ನಾಲ್ಕು ಹೋಳಾಯಿತು. ಅಡಿಕೆಯಷ್ಟು ದೊಡ್ಡ ಹೋಳೊಂದನ್ನು ಆರಿಸಿಕೊಂಡು ಪುಡಿ ಮಾಡತೊಡಗಿದ. ಅಂಗಳದ ಬ್ಯಾರಲ್ ತುಂಬ ಕೆಂಪು ನೀರಿತ್ತು. ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದ ಕರಿಬಸಪ್ಪನ ದೇಹ ಸ್ನಾನಕ್ಕೆ ಕಾದಿತ್ತು.

ತೇರಗಾಂವಕ್ಕೆ ನಾಲ್ಕು ದಿನದಿಂದ ಮಳೆ ಹಿಡಿದು ನಲ್ಲಿಯಲ್ಲೂ ಮಣ್ಣು ಕಲಸಿದಂಥ ನೀರೇ ಬರುತ್ತಿತ್ತು. ಕರಿಬಸಪ್ಪನ ತಮ್ಮ ಸಿದ್ದಲಿಂಗ ಬೆಳಿಗ್ಗೆ ಅದನ್ನೇ ಕಾಯಿಸಲು ಹೊರಟಿದ್ದ. ಹೇಗೂ ಮಣ್ಣಿಗೆ ಹೋಗುವ ದೇಹ, ಮಳೆ ಬಿಡುವು ಕೊಟ್ಟಾಗಲೇ ಮುಗಿಸೋಣ ಎಂಬುದು ಅವನ ಮಾತು. ಕರಿಬಸಪ್ಪನ ಹೆಂಡತಿ ಶಂಕ್ರವ್ವ ಹಂಡೆಗೆ ಅಡ್ಡ ನಿಂತುಬಿಟ್ಟಳು.

“ಮೂವತ್ತೊಂದು ವರ್ಷ ಮಂದಿಗೆ ತಿಳಿನೀರು ಕುಡಿಸ್ಯಾರ. ಅವರ ಮೈಮ್ಯಾಲ ನಾ ರಾಡಿ ನೀರು ಹಾಕಂಗಿಲ್ಲ.”

ಹಾಗೆಂದವಳು ಗಂಡ ಗಡ್ಡ ಕೆರೆದುಕೊಂಡ ಮೇಲೆ ಕೆನ್ನೆಗೆ ಉಜ್ಜುತ್ತಿದ್ದ ಪಟಿಕವನ್ನು ಗೋಡೆಯ ಮಾಡದಿಂದ ತೆಗೆದು, ಹಳಿಯಾಳದಿಂದ ಮೊದಲ ಬಸ್ಸಿಗೆ ಬಂದಿಳಿದಿದ್ದ ಜ್ಯೋತಿಬಾನ ಕೈಗಿಟ್ಟಳು. ನದಿಯ ನೀರನ್ನು ತಿಳಿ ಮಾಡಿ ಪಟ್ಟಣಕ್ಕೆ ಕಳಿಸುವ ದಂಡೆಯ ಘಟಕದಲ್ಲಿ ಇಬ್ಬರೂ ಜೊತೆಗೆ ದುಡಿದವರು. ಕರಿಬಸಪ್ಪನದು ಪಟಿಕದ ಕೋಣೆ, ಜ್ಯೋತಿಬಾನದು ಪಂಪು. ವಿಧಿ ನಡೆಸಲು ಬಂದಿದ್ದ ಅಯ್ಯನವರು ಒಂದು ತಾಸು ಕಾಯಲು ಒಪ್ಪಿದರು.

ಜ್ಯೋತಿಬಾ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಬ್ಯಾರಲ್ಲಿಗೆ ಸುರಿದು, ಬಿದಿರಿನ ಕೋಲಿನಿಂದ ಜೋರಾಗಿ ತಿರುಗಿಸಿದ. ಆಮೇಲೆ ಕೈ ತಾನಾಗಿ ನಿಧಾನವಾಯಿತು.

ಕಟ್ಟೆಯ ಮೇಲೆ ಕೂತವರು ಸತ್ತವನ ಪಟಿಕದ ಹುಚ್ಚನ್ನು ನೆನೆದು ಮೆಲ್ಲಗೆ ನಗುತ್ತಿದ್ದರು. ಬಾಯಿ ಹುಣ್ಣಾದರೆ ಪಟಿಕದ ನೀರು ಮುಕ್ಕಳಿಸು, ಕುಡುಗೋಲು ತಾಗಿದರೆ ಪಟಿಕ ಒತ್ತು, ಹೊಸ ಸೀರೆ ಬಣ್ಣ ಬಿಟ್ಟರೆ ಪಟಿಕದ ನೀರಿನಲ್ಲಿ ಅದ್ದು: ಕೇಳಿದವರಿಗೂ ಕೇಳದವರಿಗೂ ಇದೇ ಉಪದೇಶ. ಅವನು ಹೆಣ್ಣು ನೋಡಲು ಹೋದಾಗಲೂ ಆ ಮನೆಯ ಕೊಡದೊಳಗೆ ಬಗ್ಗಿ ನೋಡಿದ್ದನೆಂದು ಸೋದರಮಾವ ಶಿವಲಿಂಗಪ್ಪ ಹೇಳಿದಾಗ ಶಂಕ್ರವ್ವನೂ ಅಳುತ್ತಲೇ ನಕ್ಕಳು.

* * *

ಜ್ಯೋತಿಬಾ ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಟಿಕವೆಂದರೆ ಕಲ್ಲು ಕರಗಿಸುವುದಷ್ಟೇ ಅಂದುಕೊಂಡಿದ್ದ. ಕರಿಬಸಪ್ಪ ಅವನನ್ನು ಕೋಣೆಗೆ ಕರೆದು ನದಿಯ ನೀರನ್ನು ಐದು ಗಾಜಿನ ಲೋಟಗಳಿಗೆ ಹಾಕಿ, ಒಂದಕ್ಕಿಂತ ಒಂದಕ್ಕೆ ತುಸು ಹೆಚ್ಚು ಪಟಿಕ ಬೆರೆಸಿದ. ಕಡಿಮೆ ಬಿದ್ದ ಲೋಟ ರಾಡಿಯಾಗಿಯೇ ಉಳಿಯಿತು. ಹೆಚ್ಚು ಬಿದ್ದದ್ದು ನಾಲಿಗೆಗೆ ಒಗರಾಯಿತು. ನಡುವಿನ ಲೋಟದಲ್ಲಿ ಮಾತ್ರ ಮಣ್ಣಿನ ಕಣಗಳು ಒಂದನ್ನೊಂದು ಹಿಡಿದುಕೊಂಡು ಹಿಂಜಿದ ಹತ್ತಿಯಂತೆ ಗಂಟಾಗಿ ತಳಕ್ಕೆ ಇಳಿದವು.

“ಮೊದಲ ಜೋರ ತಿರುವು, ಆಮ್ಯಾಲ ತೊಟ್ಟಿಲಾ ತೂಗಿದಂಗ ತಿರುವು,” ಎಂದಿದ್ದ. “ಅವಸರ ಮಾಡಿದ್ರ ಕೂಡಿದ್ದು ಒಡೀತದ.”

ಅದೇ ಕೋಣೆಯ ಕಿಟಕಿಯಲ್ಲಿ ಬಿಸಿನೀರಿಗೆ ಕರಗುವಷ್ಟು ಪಟಿಕ ಹಾಕಿ, ಸೋಸಿ, ದಾರದಲ್ಲಿ ಸಣ್ಣ ಹರಳೊಂದನ್ನು ಇಳಿಬಿಡುತ್ತಿದ್ದ. ಅಲುಗಿಸದೆ ಬಿಟ್ಟರೆ ಹತ್ತು ಹನ್ನೆರಡು ದಿನದಲ್ಲಿ ಅದು ಎಂಟು ಮುಖದ ಗಾಜಿನಂಥ ಹರಳಾಗುತ್ತಿತ್ತು. ಜ್ಯೋತಿಬಾನ ಮಗಳು ತುಳಜಾ ಹುಟ್ಟಿದಾಗ ಅವನು ಕೊಟ್ಟ ಉಡುಗೊರೆ ಅದೇ.

ಆ ತುಳಜಾಳ ಮದುವೆ ಗೊತ್ತಾದ ವರ್ಷ, ಮಳೆಗಾಲದ ನಡುವೆ ಹೊಸ ಗುತ್ತಿಗೆದಾರನೊಬ್ಬನ ಪಟಿಕ ಬಂತು. ಕರಿಬಸಪ್ಪ ಚೂರೊಂದನ್ನು ನೀರಿಗೆ ಹಾಕಿದ. ತಳದಲ್ಲಿ ಸುಣ್ಣದಂಥದ್ದು ಕರಗದೆ ಕೂತಿತು. ಐದು ಲೋಟಗಳಲ್ಲೂ ರಾಡಿ ಇಳಿಯಲಿಲ್ಲ. ಅವನು ಪಟ್ಟಣಕ್ಕೆ ಹೋಗುವ ನೀರಿನ ದೊಡ್ಡ ವಾಲ್ವನ್ನು ಮುಚ್ಚಿ, ಬೇರೆ ಪಟಿಕ ಬರುವವರೆಗೆ ಎರಡು ದಿನ ತೆರೆಯಲಿಲ್ಲ. ನದಿ ತುಂಬಿ ಹರಿಯುವಾಗ ನಲ್ಲಿ ಒಣಗಿದ್ದಕ್ಕೆ ಮಂದಿ ಗೇಟಿಗೆ ಬಂದು ಬಾಯಿಗೆ ಬಂದಂತೆ ಬೈದರು.

ತಪ್ಪು ಯಾರ ಮೇಲಾದರೂ ಬೀಳಬೇಕಿತ್ತು. ಕರಿಬಸಪ್ಪ ಪಟಿಕವನ್ನು ಸರಿಯಾಗಿ ಕರಗಿಸಲಿಲ್ಲವೆಂದು ಬರೆದುಕೊಡಲು ಸಾಹೇಬರು ಜ್ಯೋತಿಬಾನಿಗೆ ಹೇಳಿದರು. ಅಷ್ಟು ವರ್ಷ ದುಡಿದರೂ ಅವನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮದುವೆಗೆ ಹದಿನೆಂಟು ದಿನವಿತ್ತು. ಬರೆದುಕೊಟ್ಟ.

ಕರಿಬಸಪ್ಪನನ್ನು ಪಟಿಕದ ಕೋಣೆಯಿಂದ ತೆಗೆದು, ಓಣಿ ಓಣಿ ತಿರುಗಿ ವಾಲ್ವು ತೆರೆಯುವ ಕೆಲಸಕ್ಕೆ ಹಾಕಿದರು. ಬೇರೊಬ್ಬ ಸಾಹೇಬರು ಬಂದು ಅವನನ್ನು ಹಿಂದಕ್ಕೆ ಕರೆಯುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಆ ನಾಲ್ಕು ವರ್ಷವೂ ಅವನು ಮಧ್ಯಾಹ್ನ ಸೈಕಲ್ ತುಳಿದುಕೊಂಡು ಪಂಪಿನ ಮನೆಗೆ ಬಂದು, ಜ್ಯೋತಿಬಾನ ಎದುರೇ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದ.

* * *

ಬ್ಯಾರಲ್ಲಿನಲ್ಲಿ ಗಂಟು ಕೂಡತೊಡಗಿತ್ತು. ಶಂಕ್ರವ್ವ ಬಂದು ಪಕ್ಕದಲ್ಲಿ ನಿಂತಳು. ಜ್ಯೋತಿಬಾ ಕೋಲು ಹೊರತೆಗೆದು ಅದರ ತುದಿಯನ್ನೇ ನೋಡುತ್ತಿದ್ದ.

“ವೈನಿ, ಆ ಕಾಗದಾ ಬರದಾಂವ ನಾನು.”

“ಗೊತ್ತೈತಿ.”

ಅವನು ತಲೆ ಎತ್ತಿದ.

“ಸಾಹೇಬ್ರು ಅವರಿಗೆ ಅವತ್ತ ತೋರಿಸಿದ್ರಂತ,” ಎಂದಳು ಶಂಕ್ರವ್ವ. “ಮನಿಗೆ ಬಂದು, ಜ್ಯೋತಿಬಾನ ಅಕ್ಷರ ಇನ್ನೂ ಕೋಳಿ ಕೆದರಿದಂಗ ಅದಾವು ಅಂದ್ರು. ನಾ ಸಿಟ್ಟಿಗೆದ್ದೆ. ಅವನ ಮುಂದ ಎತ್ತಬ್ಯಾಡ, ನಾಚಿಕೊಂಡು ನನ್ನ ಕೂಡ ಊಟಕ್ಕ ಕೂಡೂದು ಬಿಡ್ತಾನ ಅಂದ್ರು.”

ಜ್ಯೋತಿಬಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒತ್ತಿಕೊಂಡ. ಶಂಕ್ರವ್ವ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಒಳಗಿಂದ ತಂಬಿಗೆ ತಂದು, ಅವನು ಕೈ ಚಾಚುವವರೆಗೆ ಹಿಡಿದುಕೊಂಡೇ ಇದ್ದಳು.

ತಾಸು ಕಳೆಯುವಷ್ಟರಲ್ಲಿ ಬ್ಯಾರಲ್ಲಿನ ಮೇಲಿನ ನೀರು ತಿಳಿಯಾಯಿತು. ತಳ ಕಲಕದಂತೆ ಅದನ್ನು ಮೊಗೆದು ಹಂಡೆಗೆ ತುಂಬಿ ಬೆಚ್ಚಗೆ ಮಾಡಿದರು. ಸಿದ್ದಲಿಂಗ ಅಣ್ಣನ ಹತ್ತಿರ ಬಂದಾಗ ಶಂಕ್ರವ್ವ ತಡೆದಳು.

“ಮೊದಲನೇ ತಂಬಿಗಿ ಜ್ಯೋತಿಬಾ ಹಾಕಲಿ.”

ಸಿದ್ದಲಿಂಗ ತಿರುಗಿ ಅಯ್ಯನವರ ಮುಖ ನೋಡಿದ. ಅಯ್ಯನವರು ಸುಮ್ಮನೆ ತಲೆಯಾಡಿಸಿ ಜಾಗ ಬಿಟ್ಟರು. ಜ್ಯೋತಿಬಾ ಕರಿಬಸಪ್ಪನ ನೆತ್ತಿಗೆ ಅಂಗೈ ಅಡ್ಡ ಹಿಡಿದು, ಕಣ್ಣಿಗೆ ಬೀಳದ ಹಾಗೆ ನಿಧಾನವಾಗಿ ನೀರು ಬಿಟ್ಟ.

ಮಧ್ಯಾಹ್ನ ಎರಡಕ್ಕೆ ಮೆರವಣಿಗೆ ಹೊರಟಿತು. ಹೂ ಕಟ್ಟಿದ ಬಿದಿರಿನ ವಿಮಾನದಲ್ಲಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಕರಿಬಸಪ್ಪ ಊರಿನತ್ತ ಮುಖ ಮಾಡಿ ಕೂತಿದ್ದ. ಭಜನೆಯವರ ಹಿಂದೆ ಜ್ಯೋತಿಬಾ ವಿಮಾನಕ್ಕೆ ಹೆಗಲು ಕೊಟ್ಟಿದ್ದ. ದಾರಿ ತಿರುಗುವಲ್ಲಿ ನಲ್ಲಿಯ ಮುಂದೆ ಐದಾರು ಹೆಂಗಸರು ಕೊಡ ಸಾಲಾಗಿಟ್ಟುಕೊಂಡು ನಿಂತಿದ್ದರು. ವಿಮಾನ ಹತ್ತಿರ ಬಂದಾಗ ಅವರಲ್ಲಿ ಒಬ್ಬಳು ತಲೆ ಮೇಲೆ ಸೆರಗೆಳೆದುಕೊಂಡಳು. ಕೊಡ ಇನ್ನೂ ಅರ್ಧವೇ ತುಂಬಿತ್ತು, ಆದರೂ ಬಗ್ಗಿ ನಲ್ಲಿಯನ್ನು ನಿಲ್ಲಿಸಿದಳು.