ಸೂಜಿಯ ತುದಿ

"ಹೊಟ್ಟೇಲಿರೋದು ಕೂಸಾ, ನೀರಿನ ಟ್ಯಾಂಕಾ? ಎಷ್ಟು ಸಲ ಏಳ್ತೀಯೇ? ಮುಚ್ಕೊಂಡು ಕೂತ್ಕೋ!"

ಗಾರ್ಮೆಂಟ್ಸ್ ಸೂಪರ್‌ವೈಸರ್ ಬೈದದ್ದು ಏಳು ತಿಂಗಳ ಬಸುರಿ ತಂಗಿಯನ್ನು. ಅವಳ ಹಿಂದಿನ ಮಿಷನ್ನಿನಲ್ಲಿ ಕಾಲರ್ ಹೊಲಿದು ಮುಂದಕ್ಕೆ ದಾಟಿಸುತ್ತಿದ್ದವಳು ಅಕ್ಕ. ತಂಗಿಯ ಸೊಂಟ ಕುರ್ಚಿಯ ಮೇಲೆ ಅತ್ತಿತ್ತ ಸರಿಯುವುದನ್ನು ಬೆಳಗಿನಿಂದ ನೋಡುತ್ತಲೇ ಇದ್ದಳು. ಬೈಗುಳ ಅವಳಿಗೆ ರೂಢಿಯಾಗಿತ್ತು. ಆ ಸರಿದಾಟ ಆಗಿರಲಿಲ್ಲ.

"ಒಂದೇ ನಿಮಿಷ ಸಾರ್, ತಡ್ಕೊಳ್ಳೋಕಾಗ್ತಿಲ್ಲ."

"ಮಿಷನ್ ನೋಡಿ ಕಲೀರೇ. ಅದು ಉಚ್ಚೆ ಗಿಚ್ಚೆ ಅಂತ ಏಳುತ್ತಾ?"

"ಎಣ್ಣೆ ಕೇಳುತ್ತಲ್ಲ ಸಾರ್," ಎಂದಳು ಅಕ್ಕ. "ಒಂಚೂರು ಕಿರ್ ಅಂದ್ರೆ ಸಾಕು, ಮೆಕ್ಯಾನಿಕ್ ಹೆತ್ತಮ್ಮನ ಥರ ಓಡ್ಬರ್ತಾನೆ."

ಸಾಲಿನ ಹೆಂಗಸರು ಕಿಸಕ್ಕೆಂದರು.

"ನಿನ್ನ ನಾಲಗೆಗೂ ಬಿಡ್ಲೇನೇ ಎಣ್ಣೆ, ಮುಂಡೆ?"

ಅಕ್ಕನ ಕೈಯಿಂದ ಕಾಲರ್ ಬರದಿದ್ದರೆ ತಂಗಿಗೆ ಕೆಲಸವಿಲ್ಲ, ಎದ್ದು ಹೋಗಬಹುದು. ಸೂಜಿ ಮುರಿದು ಬಿಡುವು ಗಿಟ್ಟಿಸುವುದು ಅಲ್ಲಿ ಎಲ್ಲ ಹೆಂಗಸರಿಗೂ ಗೊತ್ತಿದ್ದ ಗುಟ್ಟು. ಅಕ್ಕ ಪೆಡಲ್ ಒತ್ತಿ ಬಟ್ಟೆಯನ್ನು ಸರಕ್ಕನೆ ಓರೆಗೆ ಎಳೆದಳು. ಸೂಜಿ ಟಕ್ಕೆಂದಿತು. ಬೆರಳೂ ಅಡಿಗೆ ಸಿಕ್ಕಿತ್ತು.

ಮುರಿದ ಚೂರುಗಳನ್ನೆಲ್ಲ ಹುಡುಕಿ ರಿಜಿಸ್ಟರಿಗೆ ಅಂಟಿಸಿದ ಮೇಲೆಯೇ ಹೊಸ ಸೂಜಿ. ಅಂಗಿ ತೊಡುವವರಿಗೆ ಚುಚ್ಚಬಾರದಲ್ಲ. ಎರಡು ಚೂರು ಸಿಕ್ಕವು. ತುದಿ ಸಿಗಲಿಲ್ಲ.

"ತುದಿ ಸಿಗೋವರೆಗೂ ಒಬ್ಬಳೂ ಅಲ್ಲಾಡ್ಬಾರ್ದು!" ಸೂಪರ್‌ವೈಸರ್ ಬಾಗಿಲು ಹಾಕಿಸಿದ.

ಇದನ್ನು ಅಕ್ಕ ಎಣಿಸಿರಲಿಲ್ಲ. ಮುಷ್ಟಿ ಬಿಚ್ಚಿ ಬೆರಳನ್ನು ಮುಂದೆ ಹಿಡಿದಳು. "ಇಲ್ಲಿದೆ ಸಾರ್, ಒಳಗೆ. ಕಿತ್ಕೊಳ್ಳಿ. ಅವಳನ್ನ ಬಿಟ್ಬಿಡಿ."

ಮೆಕ್ಯಾನಿಕ್ ಇಕ್ಕಳ ಹಿಡಿದು ಓಡಿಬಂದ. ತುದಿಯನ್ನು ಎಳೆದು, ರಕ್ತ ಒರೆಸಿ, ಜೋಪಾನವಾಗಿ ರಿಜಿಸ್ಟರಿಗೆ ಅಂಟಿಸಿದರು. ಮಿಷನ್ನಿಗೆ ಹೊಸ ಸೂಜಿ ಬಂತು, ಎರಡು ತೊಟ್ಟು ಎಣ್ಣೆಯೂ ಬಿತ್ತು. ಬೆರಳಿಗೆ ಒಂದು ಚಿಂದಿ ಬಟ್ಟೆ ಕೊಟ್ಟವರಿಲ್ಲ.

"ಅಕ್ಕಾ..."

ತಂಗಿಯ ಕುರ್ಚಿಯ ಕೆಳಗೆ ಉಚ್ಚೆ ಹರಡುತ್ತಿತ್ತು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಈ ಸಲ ಯಾರೂ ನಗಲಿಲ್ಲ.

"ಥೂ! ಒರೆಸ್ರೇ ಅದನ್ನ!"

ಅಕ್ಕ ಹೊಲಿದಿಟ್ಟ ಬಿಳಿ ಕಾಲರ್‌ಗಳ ರಾಶಿಯಿಂದ ಒಂದು ಹಿಡಿ ಬಾಚಿಕೊಂಡು ನೆಲದ ಮೇಲೆ ಮಂಡಿಯೂರಿದಳು.

"ಏಯ್! ದೊಡ್ಡೋರ ಕತ್ತಿಗೆ ಹೋಗೋದು ಕಣೇ ಅದು!"

"ಹೋಗ್ಲಿ ಬಿಡಿ ಸಾರ್."

ಒರೆಸಿ, ಹಿಂಡಿ, ಅಂಚಿಗೆ ಅಂಚು ಕೂಡಿಸಿ ಮಡಚಿ, ಅವುಗಳನ್ನು ಮತ್ತೆ ರಾಶಿಯ ಮೇಲೆಯೇ ಇಟ್ಟಳು. ಇನ್ನೊಂದು ಹಿಡಿಗೆ ಕೈಹಾಕಿದಳು.