ಬರೀ ನೀರು ನೀಲಿಯಾದ ದಿನ

ಹೊರಗೆ ಕೂತವರಿಗೆಂದು ಮಗಳು ಲೋಟಗಳಿಗೆ ನೀರು ಬಗ್ಗಿಸುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಯಾರೋ ಮೂರನೇ ಸಲ ಕೆಮ್ಮಿದರು.

“ಒಳಗೆ ಬನ್ನಿ, ಕೆಮ್ಮೋದಕ್ಕೆ ಟಿಕೆಟ್ ಏನಿಲ್ಲ,” ಎಂದಳು ತಿರುಗದೆಯೇ. ಇಪ್ಪತ್ತು ವರ್ಷದಿಂದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳ ಬಾಯಿ. ತಾಯಿ ಸತ್ತ ದಿನವೂ ಅದಕ್ಕೆ ರಜೆ ಸಿಕ್ಕಿರಲಿಲ್ಲ.

ಬಂದವನು ಅಮ್ಮ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಹಿಂದೆ ಸಂಶೋಧನೆ ಮಾಡಿಕೊಂಡಿದ್ದವನು. ಈಗ ಅಲ್ಲೇ ಪಾಠ ಹೇಳುತ್ತಾನೆ, ನೆತ್ತಿ ಬೋಳಾಗಿದೆ.

“ಅಕ್ಕಾ, ಒಂದು ಮಾತು ಹೇಳ್ಬೇಕು. ಇವತ್ತು ಹೇಳದಿದ್ರೆ ಇನ್ಯಾವತ್ತೂ ಆಗಲ್ಲ. ಆ ದಿನ ತಪ್ಪು ಅಮ್ಮನದಲ್ಲ.”

ಯಾವ ದಿನ ಎಂದು ಅವಳು ಕೇಳಲಿಲ್ಲ. ಆ ಮನೆಯಲ್ಲಿ ‘ಆ ದಿನ’ ಎಂದರೆ ಒಂದೇ ದಿನ.

*

ಅಮ್ಮ ಇಪ್ಪತ್ತೆರಡು ವರ್ಷ ಗಾಜಿನ ನಳಿಕೆ ತೊಳೆದವಳು. ಅಲ್ಲಿನವರು ಕಣ್ಣಿಗೇ ಕಾಣದಷ್ಟು ಸಣ್ಣ ಕಣಗಳ ಒಂದು ಕಪ್ಪು ಪುಡಿ ಮಾಡಿದ್ದರು. ಮೈಯೊಳಗಿನ ಕಿಣ್ವಗಳು ಮಾಡುವ ಕೆಲಸವನ್ನು ಆ ಪುಡಿ ನಳಿಕೆಯಲ್ಲಿ ಕೂತು ಮಾಡುತ್ತಿತ್ತು. ರೋಗಿಯ ಮೂತ್ರದ ಹನಿಯಲ್ಲಿ ಸಕ್ಕರೆ ಇದ್ದರೆ ನಳಿಕೆ ನೀಲಿಯಾಗಬೇಕು. ಬರೀ ನೀರು ಹಾಕಿದರೆ ತಿಳಿಯಾಗಿಯೇ ಇರಬೇಕು. ಹಿಂದಿನ ಸಲದ್ದು ಎಳ್ಳಷ್ಟು ಉಳಿದರೂ ಪರೀಕ್ಷೆ ಕೆಡುತ್ತದೆಂದು ಅಮ್ಮ ನಳಿಕೆಗಳನ್ನು ಆಮ್ಲದಲ್ಲಿ ತೊಳೆದು, ಆರು ಸಲ ನೀರಿನಲ್ಲಿ ಜಾಲಿಸಿ, ಬೆಳಕಿಗೆ ಹಿಡಿದು ನೋಡಿ ಬೋರಲು ಹಾಕುತ್ತಿದ್ದಳು.

ಹೊರಗಿನಿಂದ ದೊಡ್ಡವರ ತಂಡವೊಂದು ಕೆಲಸ ನೋಡಲು ಬಂದ ದಿನ, ಎಲ್ಲರ ಕಣ್ಣೆದುರೇ, ಬರೀ ನೀರಿನ ನಳಿಕೆ ನೀಲಿಯಾಯಿತು.

“ಯಾರು ತೊಳೆದಿದ್ದು?” ಎಂದರು ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್.

“ನಾನೇ ಸಾರ್. ಸರಿಯಾಗೇ ತೊಳ್ದಿದೀನಿ.”

“ಹಾಗಾದ್ರೆ ನೀರಿಗೆ ಸಕ್ಕರೆ ಕಾಯಿಲೆ ಬಂತೇನಮ್ಮ?”

ಬಂದವರು ಹೊಟ್ಟೆ ಹಿಡಿದು ನಕ್ಕರು. ಮರುದಿನದಿಂದ ಅಮ್ಮನ ಕೈಗೆ ಪೊರಕೆ ಬಂತು. ಸಾಯುವ ಹಿಂದಿನ ವಾರದವರೆಗೂ ಅಲ್ಲಿನ ಅಂಗಳ ಗುಡಿಸಿದಳು.

ಆಮೇಲೆ ಮನೆಯ ಪಾತ್ರೆಗಳನ್ನು ಮೂರು ಮೂರು ಸಲ ತೊಳೆಯತೊಡಗಿದಳು. ತೊಳೆದ ಲೋಟವನ್ನು ಕಿಟಕಿಗೆ ಹಿಡಿದು, “ನೋಡೇ, ಏನಾದ್ರೂ ಉಳಿದಿದೆಯಾ?” ಎಂದು ಕೇಳುವಳು. ಡ್ಯೂಟಿಗೆ ಹೊತ್ತಾದ ಒಂದು ಬೆಳಿಗ್ಗೆ ಮಗಳು ರೇಗಿದ್ದಳು: “ಅಲ್ಲಿ ಸರಿಯಾಗಿ ತೊಳ್ದಿದ್ರೆ ಇಲ್ಲಿ ಈ ಗೋಳು ಇರ್ತಿರ್ಲಿಲ್ಲ.”

ಅಮ್ಮ ಮತ್ತೆ ಕೇಳಲಿಲ್ಲ. ತೊಳೆಯುವುದನ್ನು ಮಾತ್ರ ಬಿಡಲಿಲ್ಲ.

*

“ಸಕ್ಕರೆ ನೀರಿಗೆ ಅದ್ದಿದ, ಹನಿ ಹೀರೋ ಪಿಪೆಟ್ಟನ್ನೇ, ತುದಿ ಬದಲಿಸದೆ, ಬರೀ ನೀರಿನ ಬಾಟಲಿಗೂ ಅದ್ದಿಬಿಟ್ಟಿದ್ದೆ,” ಎಂದ ಅವನು. “ಎಂಟು ದಿನ ಆದ್ಮೇಲೆ ಅದೇ ಬಾಟಲಿ ನೀರನ್ನ ಹೊಚ್ಚ ಹೊಸ ನಳಿಕೆಗೆ ಹಾಕ್ದೆ. ಅಮ್ಮ ಮುಟ್ಟೇ ಇಲ್ಲದ ನಳಿಕೆ. ಅದೂ ನೀಲಿ ಆಯ್ತು.”

“ಆಮೇಲೆ?”

“ನೀರನ್ನ ಸಿಂಕಿಗೆ ಚೆಲ್ಲಿದೆ. ನನ್ನ ಪ್ರಬಂಧ ಒಪ್ಪಿಸೋ ತಿಂಗಳು ಅದು. ಪ್ರೊಫೆಸರ್ ಎದುರು ಬಾಯಿ ಬರ್ಲಿಲ್ಲ.”

“ಹನ್ನೊಂದು ವರ್ಷ ಅವಳು ಗುಡಿಸಿದ ಅಂಗಳ ತುಳ್ಕೊಂಡೇ ಒಳಗೆ ಹೋಗಿದೀಯ ನೀನು!” ಬಹುವಚನ ಅವಳ ಬಾಯಿಂದ ತಾನಾಗಿ ಉದುರಿಹೋಗಿತ್ತು.

“ಕ್ಷಮಿಸಿಬಿಡಿ ಅಕ್ಕಾ.”

“ನನ್ನನ್ನೇನು ಕೇಳ್ತೀಯ? ಹೆತ್ತ ತಾಯೀನ ನಾನೇ ನಂಬ್ಲಿಲ್ಲ. ನಡಿ, ಎಲ್ಲರ ಮುಂದೆ ಹೇಳು.”

“ಪ್ರೊಫೆಸರ್ ಬಂದಿದಾರೆ...”

“ಅದಕ್ಕೇ ನಡಿ ಅಂದಿದ್ದು.”

ಟಿಕೆಟ್ ಇಲ್ಲದವನನ್ನು ಇಳಿಸುವಾಗ ಹಿಡಿಯುವಂತೆ ರಟ್ಟೆ ಹಿಡಿದು ನಡೆಸಿದಳು.

ಹೊರಗೆ ಬಿಳಿ ಹೊದಿಕೆಯಡಿ ಅಮ್ಮ ಮಲಗಿದ್ದಳು. ಪ್ರೊಫೆಸರ್ ಅಮ್ಮನ ತಂಗಿಗೆ ಸಮಾಧಾನ ಹೇಳುತ್ತಿದ್ದರು: “ಕೈ ಸ್ವಲ್ಪ ಅವಸರದ್ದು. ಮನಸ್ಸು ಮಾತ್ರ ಚಿನ್ನ.” ಚಿಕ್ಕಮ್ಮ ಹೌದು ಹೌದೆಂದು ತಲೆಯಾಡಿಸುತ್ತಿದ್ದಳು. ಪ್ರಯೋಗಾಲಯದಲ್ಲಿ ನಳಿಕೆ ತೊಳೆಯುವ ನಾಲ್ವರು ಹೆಂಗಸರು ಗೋಡೆಗೊರಗಿ ನಿಂತಿದ್ದರು.

ಅವನು ಬಾಯೊಳಗೇ ಏನೋ ಗೊಣಗಿದ.

“ಹಿಂದಿನವರಿಗೆ ಕೇಳಿಸ್ಲಿಲ್ಲ,” ಎಂದಳು ಮಗಳು.

“ಆ ದಿನ ನೀರು ಕೆಡಿಸಿದ್ದು ನಾನು. ಅಮ್ಮ ಸರಿಯಾಗೇ ತೊಳೆದಿದ್ರು.”

“ಇನ್ನೂ ಜೋರಾಗಿ. ಗೇಟಿನ ಹತ್ರಾನೂ ಜನ ಇದಾರೆ.”

ಮೂರನೇ ಸಲ ಅವನು ಕೂಗಿಯೇ ಹೇಳಿದ. ಚಿಕ್ಕಮ್ಮನ ತಲೆ ಆಡುವುದು ನಿಂತಿತು.

ಪ್ರೊಫೆಸರ್ ಎದ್ದರು. “ಸಾವಿನ ಮನೇಲಿ ಇದೆಲ್ಲ ಯಾಕಮ್ಮ? ನಾಳೆ ಆಫೀಸಿಗೆ ಬಾ, ಮಾತಾಡೋಣ.”

“ಅವತ್ತು ಅವಳನ್ನ ಆಫೀಸಿಗೆ ಕರೆದು ಬೈದ್ರಾ ಸಾರ್? ಹತ್ತು ಜನರ ಮುಂದೆ ನಗೆಪಾಟಲು ಮಾಡಿದ್ರಿ.”

“ನನಗೆ ಗೊತ್ತಿರಲಿಲ್ಲ.”

“ಒಂದೇ ಒಂದು ಹೊಸ ನಳಿಕೇಲಿ ಹಾಕಿ ನೋಡಿದ್ರೆ ಗೊತ್ತಾಗ್ತಿತ್ತು. ಪರೀಕ್ಷೆ ಮಾಡೋದೇ ನಿಮ್ಮ ಕೆಲಸ ಅಲ್ವಾ? ಪುಡಿಗೆ, ನೀರಿಗೆ, ಎಲ್ಲದಕ್ಕೂ ಪರೀಕ್ಷೆ. ಅವಳಿಗೆ ಮಾತ್ರ ನೇರ ಶಿಕ್ಷೆ.”

ಪ್ರೊಫೆಸರ್ ಚಪ್ಪಲಿ ಮೆಟ್ಟಿಕೊಂಡರು. ಅಮ್ಮನ ಕಡೆ ಒಮ್ಮೆಯೂ ನೋಡದೆ ಕಾರಿನತ್ತ ನಡೆದರು. ಯಾರೂ ಅವರನ್ನು ಬೀಳ್ಕೊಡಲು ಏಳಲಿಲ್ಲ.

ಹೊರಡೋಣವೇ ಎಂದ ಶವವಾಹನದ ಡ್ರೈವರ್. ನಾಲ್ವರು ಗಂಡಸರು ಮುಂದೆ ಬಂದರು. ತೊಳೆಯುವವರಲ್ಲಿ ಹಿರಿಯಳು ಸೆರಗು ಸಿಕ್ಕಿಸಿಕೊಂಡು, “ಸರ್ಕೊಳ್ರಪ್ಪ ಆಚೆ. ನಾವು ಎತ್ತುತೀವಿ,” ಎಂದಳು. “ನಾವೂ ನಂಬಿದ್ವಿ ಕಣೆ, ಅವಳೇ ತಪ್ಪು ಮಾಡಿದಾಳೆ ಅಂತ,” ಎಂದಳು ಮಗಳಿಗೆ, ಮೆಲ್ಲಗೆ.

ವಾಹನದ ಹಿಂದಿನ ಬಾಗಿಲು ಮೇಲಕ್ಕೆತ್ತಿದರೆ ನಿಲ್ಲುತ್ತಿರಲಿಲ್ಲ. ತಪ್ಪೊಪ್ಪಿಕೊಂಡವನು ಓಡಿಹೋಗಿ ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿದ. ಮಗಳೂ ಸೇರಿ ಐವರು ಹೆಂಗಸರು ಅಮ್ಮನನ್ನು ಹೊತ್ತು ಅವನ ತೋಳುಗಳ ಕೆಳಗಿನಿಂದಲೇ ಬಗ್ಗಿ ದಾಟಿದರು, ಒಬ್ಬೊಬ್ಬರೂ ಅವನ ಮುಖ ನೋಡಿಕೊಂಡು. ಮಧ್ಯಾಹ್ನದ ಬಿಸಿಲು ನೆಟ್ಟಗೆ ಆ ಮುಖಕ್ಕೇ ಹೊಡೆಯುತ್ತಿತ್ತು. ಅಡ್ಡ ಹಿಡಿಯಲು ಅವನಿಗೆ ಕೈ ಬಿಡುವಿರಲಿಲ್ಲ.